ಸೇವಂತಿಗೆ ಗಿಡಕ್ಕೆ ಹೇಳಿದ ಸುಳ್ಳು

'ಈ ಮದುವೆ ಡೆಕೋರೇಷನ್ ಕೆಲಸಕ್ಕೆ ಹೇಗೆ ಬಂದ್ರಿ?' ಎಂದು ಯಾರಾದರೂ ಗಿರಾಕಿ ಕೇಳಿದರೆ ನಮ್ಮ ಮೇಷ್ಟ್ರು ಕಣ್ಣು ಅರೆಮುಚ್ಚಿ, 'ಚಿಕ್ಕಂದಿನಿಂದ ಹೂವಂದ್ರೆ ಪ್ರಾಣ ಸಾರ್' ಅನ್ನುತ್ತಾರೆ. ಶುದ್ಧ ಸುಳ್ಳು. ನಾವು ಮೂವರೂ ಈ ಕೆಲಸಕ್ಕೆ ಬಂದದ್ದು ಗುಂಡನ ಅಪ್ಪನಿಗೆ ಕೊಡಬೇಕಿದ್ದ ಸಾಲ ತೀರಿಸಲಿಕ್ಕೆ.

ಚಿಕ್ಕಬಳ್ಳಾಪುರದ ಸುತ್ತ ಚಳಿಗಾಲದ ರಾತ್ರಿ ಓಡಾಡಿದವರಿಗೆ ಗೊತ್ತಿರುತ್ತದೆ. ಊರೆಲ್ಲ ಮಲಗಿರುವಾಗ ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಯುತ್ತಿರುತ್ತವೆ. ನಂದಿಬೆಟ್ಟಕ್ಕೆ ನಸುಕಿನಲ್ಲಿ ಬರುವ ಬೆಂಗಳೂರಿನವರು ಎಲ್ಲೋ ಜಾತ್ರೆ ಅಂದುಕೊಳ್ಳುತ್ತಾರೆ. ಜಾತ್ರೆಯಲ್ಲ, ಸೇವಂತಿಗೆ. ರಾತ್ರಿ ಉದ್ದವಾಯಿತೆಂದರೆ ಮೊಗ್ಗು ಕಟ್ಟುವ ಗಿಡ ಅದು. ಎಳಸಿನಲ್ಲೇ ಮೊಗ್ಗು ಕಟ್ಟಿದರೆ ಬೆಳೆ ಕೆಟ್ಟಿತು. ಅದಕ್ಕೇ ರಾತ್ರಿ ಒಂದಷ್ಟು ಹೊತ್ತು ಬಲ್ಬು ಹಚ್ಚಿ, 'ಇನ್ನೂ ಬೇಸಿಗೆ ಕಣಮ್ಮ, ಬೆಳಿ ಬೆಳಿ' ಎಂದು ಅದಕ್ಕೆ ಸುಳ್ಳು ಹೇಳುತ್ತಾರೆ. ಗಿಡ ಪಾಪ ನಂಬುತ್ತದೆ.

ಗುಂಡನ ತಂಗಿಯ ಮದುವೆ ಮಾಘದಲ್ಲಿ. ಚಪ್ಪರದ ಹಿಂದಿನ ಸಂಜೆ ಲೈಟಿನವನ ಫೋನು ಸ್ವಿಚ್ ಆಫ್. ಅಡ್ವಾನ್ಸು ತಗೊಂಡವರ ಫೋನಿಗೆ ಮಾತ್ರ ಬರುವ ಕಾಯಿಲೆ ಅದು. ಆಗ ನಾನು ಜೆರಾಕ್ಸ್ ಅಂಗಡಿ ಇಟ್ಟಿದ್ದೆ, ಮೇಷ್ಟ್ರು ಮಕ್ಕಳಿಗೆ ಗಣಿತ ಹೇಳುತ್ತಿದ್ದರು, ಗುಂಡ ಏನು ಮಾಡುತ್ತಿದ್ದ ಅನ್ನುವುದು ಅವರಪ್ಪನಿಗೇ ತಿಳಿದಿರಲಿಲ್ಲ. ಮೂವರೂ ತಲೆ ಮೇಲೆ ಕೈ ಹೊತ್ತು ಗುಂಡನ ಅಪ್ಪನ ಸೇವಂತಿಗೆ ಹೊಲದ ಬದುವಿನ ಮೇಲೆ ಕೂತಿದ್ದಾಗ ಸರಿಯಾಗಿ ಟೈಮರ್ ಬಿದ್ದು ಇಡೀ ಹೊಲ ಝಗ್ ಅಂದಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮದುವೆ ಮನೆ ಹೇಗೆ ಹೊಳೆಯಿತು ಅಂತೀರಿ! ಬೀಗರ ಕಡೆಯವರು 'ಎಷ್ಟು ಕೊಟ್ರಿ?' ಎಂದು ಕೇಳಿದರು. ಗುಂಡನ ಅಪ್ಪ ಹೆಣ್ಣು ಕೊಡುವ ಗಡಿಬಿಡಿಯಲ್ಲಿ ಆ ಬೆಳಕು ಎಲ್ಲಿಂದ ಬಂತೆಂದು ನೋಡಲೇ ಇಲ್ಲ. ಮದುವೆ ಮುಗಿದ ಮೇಲೆ ಬಲ್ಬಿನ ಸರ ಬಿಚ್ಚಿ ಮೂಟೆ ಕಟ್ಟಿ ಮೂಲೆಗಿಟ್ಟೆವು. 'ನಾಳೆ ಕಟ್ಟೋಣ' ಎಂದ ಗುಂಡ. ಆ ನಾಳೆ ಬರುವುದಕ್ಕೆ ಹದಿನೈದು ದಿನ ಹಿಡಿಯಿತು.

ವೈಶಾಖದ ಲಗ್ನಗಳಿಗೆಂದು ಬೆಳೆಸಿದ ಗಿಡ ಗೇಣುದ್ದಕ್ಕೇ ಮೊಗ್ಗು ಕಟ್ಟಿತು. ಅರಳಿದ್ದು ಯುಗಾದಿ ಮುಗಿದ ಮಾರನೇ ವಾರ, ಮಂಡಿಯಲ್ಲಿ ಕೇಳುವವರೇ ಇಲ್ಲದಾಗ. ಗುಂಡನ ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಕುಕ್ಕೆ ಹೂ ತಂದು ನಮ್ಮ ಮುಂದೆ ಸುರಿದು, 'ಗಿಡಕ್ಕೆ ನಾನು ಒಂದು ಸುಳ್ಳು ಹೇಳಿದ್ದೆ, ನೀವು ನಿಜ ಹೇಳಿಬಿಟ್ರಿ. ಈಗ ಈ ಹೂವ ನೀವೇ ಮಾರ್ಕೊಳ್ರಪ್ಪ' ಅಂದರು. ಕ್ಯಾಲೆಂಡರಿನ ಹಿಂದೆ ನಮ್ಮ ಮೂವರ ಹೆಸರು ಬರೆದು ಎದುರಿಗೆ ಮೊತ್ತ ಬರೆದರು. ಹೀಗೆ ನಾವು ಉದ್ಯಮಿಗಳಾದೆವು.

ಗಿಡ್ಡ ಕಾಂಡದ ಹೂವನ್ನು ಹಾರ ಕಟ್ಟಬಹುದು, ಪರದೆಯಂತೆ ಇಳಿಬಿಡಬಹುದು. ಪರಿಚಯದವರ ಎರಡು ನಿಶ್ಚಿತಾರ್ಥ, ಒಂದು ಗೃಹಪ್ರವೇಶದಲ್ಲಿ ಹೊಲ ಖಾಲಿಯಾಯಿತು. ಅಷ್ಟರಲ್ಲಿ ಮುಂದಿನ ಮದುವೆಯ ಅಡ್ವಾನ್ಸು ಬಂದಿತ್ತು, ಅದು ಖರ್ಚೂ ಆಗಿತ್ತು. ಬಿಡುವ ಹಾಗಿಲ್ಲ.

ಹೂವಿನ ಮಂಡಿಗೆ ಮೇಷ್ಟ್ರನ್ನು ಕಳಿಸಿದ್ದು ನನ್ನದೇ ತಪ್ಪು. ಲೆಕ್ಕದ ಮೇಷ್ಟ್ರಲ್ಲವೇ ಎಂಬ ಧೈರ್ಯ. ಅವರು ತಿಪಟೂರು ಕಡೆಯವರು. ತೆಂಗು ಗೊತ್ತು, ತೆಲುಗು ಗೊತ್ತಿಲ್ಲ. ನಮ್ಮ ಕಡೆ ವ್ಯಾಪಾರ ಅರ್ಧ ಕನ್ನಡ ಅರ್ಧ ತೆಲುಗು. ಚೆಂಡುಹೂ ಕೂಗುತ್ತಿದ್ದವನು 'ಅರವೈ' ಅಂದ, ಅಂದರೆ ಅರವತ್ತು. ಇವರಿಗೆ ಕೇಳಿಸಿದ್ದು 'ಇರವೈ', ಅಂದರೆ ಇಪ್ಪತ್ತು. ಅದೊಂದನ್ನು ಮಾತ್ರ ಹಿಂದಿನ ದಿನ ಗುಂಡನ ಹತ್ತಿರ ಕಲಿತು ಬಂದಿದ್ದರು. ಅಗ್ಗವಾಯಿತೆಂದು 80 ಕೆಜಿ ತೂಗಿಸಿದರು. ಜೇಬಿನಲ್ಲಿ 1,600 ಎಣಿಸಿಟ್ಟುಕೊಂಡು ನಿಂತರೆ ಚೀಟಿ ಬಂದದ್ದು 4,800ಕ್ಕೆ. ಬಾಕಿ ಹಣ ತರುವವರೆಗೆ ಮೇಷ್ಟ್ರನ್ನು ಚೀಲಗಳ ಜೊತೆಗೇ ಕೂರಿಸಿಕೊಂಡಿದ್ದರು. ನಾನು ಹೋದಾಗ ಅವರು ಪಕ್ಕದ ಹುಡುಗನಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು.

ಅದರ ಮುಂದಿನ ಮದುವೆಗೆ ಹುಡುಗಿ ಜರ್ಬೆರಾನೇ ಬೇಕೆಂದಿದ್ದಳು. ಹೂ ಚುಚ್ಚುವ ಹಸಿರು ಸ್ಪಂಜನ್ನು ನೀರಿಗೆ ಬಿಟ್ಟು ಸುಮ್ಮನಿರಬೇಕು, ತಾನಾಗಿ ಮುಳುಗಬೇಕು. ಅದುಮಿದರೆ ಒಳಗೆ ಗಾಳಿ ಉಳಿದು ಹೊರಗಷ್ಟೇ ಒದ್ದೆಯಾಗುತ್ತದೆ. ಗುಂಡ ಎಮ್ಮೆ ತೊಳೆಯುವವನಂತೆ ಅದುಮಿದ್ದ. ರಾತ್ರಿ ಆರತಕ್ಷತೆಯಲ್ಲಿ ಎದೆಯುಬ್ಬಿಸಿ ನಿಂತಿದ್ದ ಜರ್ಬೆರಾಗಳು ಬೆಳಗ್ಗೆ ಧಾರೆ ಹೊತ್ತಿಗೆ ಒಂದೂ ಬಿಡದೆ ಕತ್ತು ಬಗ್ಗಿಸಿಕೊಂಡಿದ್ದವು. ಇಡೀ ಮಂಟಪದಲ್ಲಿ ತಲೆ ಎತ್ತಿ ನಗುತ್ತಿದ್ದವಳು ಮದುಮಗಳೊಬ್ಬಳೇ.

ಹುಡುಗನ ಸೋದರಮಾವ ಇದೇ ಸಮಯವೆಂದು, 'ಪರದೇಶಿ ಹೂವಿಗೆ ಇದೇ ಗತಿ. ನಮ್ಮ ಚೆಂಡುಹೂ, ಸುಗಂಧರಾಜ ಇರಲಿಲ್ವೇನ್ರಿ?' ಎಂದು ಗದರಿದರು. ಮೇಷ್ಟ್ರಿಗೆ ಎಲ್ಲಿ ಸುಮ್ಮನಿರಬೇಕೆಂದು ತಿಳಿಯುವುದಿಲ್ಲ. 'ಯಜಮಾನ್ರೇ, ಚೆಂಡುಹೂ ಮೆಕ್ಸಿಕೋದ್ದು, ಸುಗಂಧರಾಜಾನೂ ಅಲ್ಲೀದೇ. ಸೇವಂತಿಗೆ ಚೀನಾದ್ದು' ಎಂದು ಶುರು ಮಾಡಿದರು. 'ಹಂಗಾದ್ರೆ ನಮ್ದು ಯಾವ್ದಪ್ಪ?' 'ಕನಕಾಂಬರ, ಮಲ್ಲಿಗೆ ನಮ್ಮವೇ.' 'ಮತ್ತೆ ಅದನ್ನೇ ಯಾಕೆ ಕಟ್ಟಲಿಲ್ಲ?' ಬಿಲ್ಲಿನಲ್ಲಿ ಎರಡು ಸಾವಿರ ಮುರಿದುಕೊಂಡರು. ಮೆಕ್ಸಿಕೋ ಅಂದದ್ದಕ್ಕೆ ಒಂದು ಸಾವಿರ, ಜರ್ಬೆರಾಗೆ ಒಂದು ಸಾವಿರ ಎಂದು ನಾನು ಹಂಚಿಕೊಂಡಿದ್ದೇನೆ.

ಆಮೇಲೆ ಕೆಲಸ ಕಲಿತೆವು, ಬಿಡಿ. ಆಷಾಢದಲ್ಲಿ ಕೈ ಖಾಲಿ, ಶ್ರಾವಣದಲ್ಲಿ ನಿದ್ದೆ ಖಾಲಿ. ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಮದುವೆ ಒಪ್ಪಿಕೊಳ್ಳುವ ಮೊದಲು ಮೂವರೂ ಕೂತು ಒಂದು ಸಲ ಅತ್ತುಕೊಳ್ಳುತ್ತೇವೆ. ಆ ವಾರ ಹೂವಿನ ಬೆಲೆ ನೆಲದ ಮೇಲೆ ನಿಲ್ಲುವುದಿಲ್ಲ.

ಹೋದ ದೀಪಾವಳಿಗೆ ಗುಂಡನ ಅಪ್ಪನಿಗೆ ಕೊನೇ ಕಂತು ಕೊಟ್ಟೆವು. ಅವರು ಎರಡು ಸಲ ನೋಟು ಎಣಿಸಿ, ಹಳೇ ಕ್ಯಾಲೆಂಡರು ತಿರುಗಿಸಿ ಹೆಸರುಗಳ ಮೇಲೆ ಗೀಟು ಎಳೆದರು. ನಾವು ಎದ್ದು ನಿಂತೆವು. 'ಕೂತ್ಕೊಳ್ರಲಾ' ಅಂದವರೇ ಕೆಳಗೆ ಇನ್ನೊಂದು ಸಾಲು ಬರೆದರು: 'ಬಲ್ಬು 2 ಕಡಿಮೆ.'

ಮಂಟಪದಲ್ಲಿ ಒಡೆದಿರಬೇಕು ದೊಡ್ಡಪ್ಪ, ಅಂದೆ. ಅವುಗಳಲ್ಲಿ ಒಂದು ನಮ್ಮ ಬಚ್ಚಲಲ್ಲಿದೆ. ಇನ್ನೊಂದರ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ.