ಮಂಡಯಂ ಎಂಬ ಮನೆತನದ ಹೆಸರು

ಮಂಡ್ಯದಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ ‘ಮಂಡಯಂ’ ಎಂಬ ಮನೆತನದ ಹೆಸರು ಇಂದು ಅಪರಿಚಿತವಾಗುತ್ತಿದೆ. ಊರಿನಿಂದ ಮನೆತನಕ್ಕೆ ಹೆಸರು ಬರುವುದು ನಮ್ಮ ಕಡೆಯ ರೂಢಿ. ಇಲ್ಲಿ ಮನೆತನವೇ ಊರಿಗೆ ಹೆಸರು ತಂದಿತೆಂದು ಪರಂಪರೆ ಹೇಳುತ್ತದೆ. 1516ರಲ್ಲಿ ಕೃಷ್ಣದೇವರಾಯನು ಗೋವಿಂದರಾಜರೆಂಬ ಶ್ರೀವೈಷ್ಣವ ಗುರುಗಳಿಗೆ ಈ ಊರನ್ನು ಅಗ್ರಹಾರವಾಗಿ ದತ್ತಿ ಬಿಟ್ಟಾಗ, ತಿರುಪತಿಯ ಬಳಿಯ ಮಂಡಯಂ ಗ್ರಾಮದಿಂದ ಬಂದು ನೆಲೆಸಿದವರು ತಮ್ಮ ಹಳೆಯ ಊರಿನ ಹೆಸರನ್ನೇ ಇದಕ್ಕೂ ಇಟ್ಟರಂತೆ. ಮಾಂಡವ್ಯ ಋಷಿಗಳ ತಪೋಭೂಮಿಯಾದ್ದರಿಂದ ಮಂಡ್ಯವಾಯಿತೆಂಬ ಐತಿಹ್ಯವನ್ನು ನಾನು ಗೌರವಿಸುತ್ತೇನೆ. ಆದರೂ ತಲೆಮಾರುಗಳ ಕಾಲ ಜನರು ತಮ್ಮ ಹೆಸರಿನ ಮುಂದೆ ಉಳಿಸಿಕೊಂಡು ಬಂದ ಸಾಕ್ಷ್ಯವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ಈ ಮನೆತನಗಳು ತಮ್ಮ ಮೂಲಪುರುಷರೆಂದು ನೆನೆಯುವುದು ರಾಮಾನುಜಾಚಾರ್ಯರ ಶಿಷ್ಯರಾದ ಅನಂತಾಳ್ವಾರರನ್ನು. ಅವರ ಹುಟ್ಟೂರು ಶ್ರೀರಂಗಪಟ್ಟಣದ ಸಮೀಪದ ಕಿರಂಗೂರು. ಗುರುವಿನ ಅಪ್ಪಣೆಯಂತೆ ತಿರುಮಲೆಗೆ ಹೋಗಿ, ಸ್ವಾಮಿಯ ಪುಷ್ಪಕೈಂಕರ್ಯಕ್ಕಾಗಿ ತೋಟ ಮಾಡಿ, ಕೆರೆ ತೋಡಿದ ಅವರ ಹಾರೆ ಇಂದಿಗೂ ದೇವಸ್ಥಾನದ ಮಹಾದ್ವಾರದಲ್ಲಿ ತೂಗುತ್ತಿದೆ. ಹಾಗಾಗಿ ಅಗ್ರಹಾರಕ್ಕೆ ಬಂದವರು ಹೊರನಾಡಿನವರಲ್ಲ, ಹಿರಿಯರ ನೆಲಕ್ಕೆ ಮರಳಿದವರು ಎಂದೇ ನಾನು ತಿಳಿಯುತ್ತೇನೆ.

ಹೆಸರು ಇಲ್ಲಿಗೇ ನಿಲ್ಲಲಿಲ್ಲ. 1893ರಲ್ಲಿ ವಿವೇಕಾನಂದರನ್ನು ಷಿಕಾಗೋಗೆ ಕಳುಹಿಸಲು ಮದರಾಸಿನಲ್ಲಿ ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಅವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಮಂಡಯಂ ಮನೆತನದವರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಎಂ.ಪಿ.ಟಿ. ಆಚಾರ್ಯರ ಹೆಸರಿನ ಮೊದಲಕ್ಷರವೂ ಮಂಡಯಂ ಎಂಬುದೇ.

ಆ ಮೊದಲಕ್ಷರವೇ ನನ್ನ ಚಿಂತೆ. ‘ಮಂಡಯಂ’ ಎಂಬುದು ಶಾಲೆಯ ದಾಖಲೆಯಲ್ಲಿ ‘ಎಂ.’ ಆಗಿ, ಮಕ್ಕಳ ಕಾಲಕ್ಕೆ ಬಿಟ್ಟೇಹೋಗುತ್ತಿದೆ. ತಾತನ ಹಳೆಯ ಲಗ್ನಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾಗಿದ್ದ ಹೆಸರಿನ ಗುರುತು ಮೊಮ್ಮಗನ ಆಧಾರ್ ಕಾರ್ಡಿನಲ್ಲಿ ಸಿಗುವುದಿಲ್ಲ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾದಾಗ ಹಲವರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತುಂಬಿ ಮುಗಿಸುತ್ತಾರೆ. ಇದು ಒಂದು ಪಂಗಡದ ಪ್ರತಿಷ್ಠೆಯ ಮಾತಲ್ಲ. 1939ರಲ್ಲಿ ಜಿಲ್ಲೆಯಾದ ಮಂಡ್ಯದ ಪ್ರತಿಯೊಬ್ಬರ ವಿಳಾಸದಲ್ಲೂ ಇರುವ ಹೆಸರಿನ ಚರಿತ್ರೆ ಇದು. ಈ ಮನೆತನದವರು ಮಗುವಿನ ಜನನ ನೋಂದಣಿಯ ದಿನವೇ ‘ಮಂಡಯಂ’ ಎಂದು ಪೂರ್ತಿಯಾಗಿ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.