ಹೊಡೆದಿಲ್ಲವಲ್ಲ, ಮತ್ತೇಕೆ ಮನೆ ಬಿಟ್ಟಳು? ‘ಮೇಡ್’ ಧಾರಾವಾಹಿ ನಮ್ಮೂರ ಹೆಣ್ಣುಮಕ್ಕಳಿಗೆ ದಾರಿ ತೋರಿಸುತ್ತದೆಯೇ?

ಪರ: ಗೋಡೆಗೆ ಬಿದ್ದ ಗುದ್ದೂ ಹಿಂಸೆಯೇ

ಹುಬ್ಬಳ್ಳಿ ಇರಲಿ, ಗದಗ ಇರಲಿ, ಗಂಡನ ಮನೆ ಬಿಟ್ಟು ಬಂದವಳಿಗೆ ಮೊದಲು ಕೇಳುವುದು “ಹೊಡದಾನೇನು?” ಅಂತ. ಇಲ್ಲ ಅಂದಳೋ, ಮಾತು ಮುಗೀತು. “ಮತ್ತೇನ್ ತ್ರಾಸವ್ವಾ ನಿನಗ? ಹೊಂದ್ಕೊಂಡು ಹೋಗು.”

2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಅಮೆರಿಕದ ಧಾರಾವಾಹಿ ‘ಮೇಡ್’ (ಅಂದರೆ ಮನೆಗೆಲಸದಾಕೆ) ಹಿಡಿದಿರುವುದು ಇದನ್ನೇ. ಕುಡಿದ ಶಾನ್ ತನ್ನ ಸಂಗಾತಿ ಅಲೆಕ್ಸ್‌ಗೆ ಹೊಡೆಯುವುದಿಲ್ಲ, ಅವಳ ಪಕ್ಕದ ಗೋಡೆಗೆ ಗುದ್ದುತ್ತಾನೆ. ರಾತ್ರೋರಾತ್ರಿ ಪುಟ್ಟ ಮಗಳನ್ನು ಎತ್ತಿಕೊಂಡು ಹೊರಟ ಅಲೆಕ್ಸ್‌ಗೇ ತನ್ನ ಮೇಲೆ ದೌರ್ಜನ್ಯ ಆಗಿದೆ ಅಂತ ಅನ್ನಿಸಿರುವುದಿಲ್ಲ. ಆಸರೆ ಕೇಂದ್ರದಲ್ಲಿ ನಿಜವಾಗಿ ಏಟು ತಿಂದವರಿಗೆ ಸಿಗಬೇಕಾದ ಜಾಗ ನನಗ್ಯಾಕೆ ಅಂತ ಹಿಂಜರಿಯುತ್ತಾಳೆ.

ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಈ ವಿಷಯದಲ್ಲಿ ಊರಿನವರಿಗಿಂತ ಮುಂದಿದೆ. ಬೈಗುಳ, ಅವಮಾನ, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಎಲ್ಲವೂ ಅದರ ಲೆಕ್ಕದಲ್ಲಿ ಹಿಂಸೆ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲೇ ಇರುವ ಹಕ್ಕು ಅವಳಿಗಿದೆ. ಠಾಣೆ ಮೆಟ್ಟಿಲು ಹತ್ತಲು ಹೆದರಿಕೆಯಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಕಾಯ್ದೆ ಓದಿ ಯಾರೂ ಇದನ್ನು ತಿಳ್ಕೊಳ್ಳಲ್ಲ. ಆ ಗೋಡೆ ನೋಡಿದರೆ ತಿಳಿಯುತ್ತೆ. ಹತ್ತು ಕಂತು ಜಾಸ್ತಿಯಾದರೆ ಮೊದಲನೆಯದನ್ನಾದರೂ ಅವ್ವನ ಜೊತೆ ಕೂತು ನೋಡಿ.

ವಿರೋಧ: ನೋಡುವವರು ಯಾರು?

ವಿದ್ಯಾನಗರದ ಫ್ಲಾಟಿನಲ್ಲಿ ಕೂತವರು ನೋಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಮರುದಿನ ಭಾಂಡೆ ತಿಕ್ಕಲು ಬಂದಾಕೆ “ನಾಳೆ ಬರಂಗಿಲ್ರೀ ಅಕ್ಕಾರ, ಹುಡುಗಗ ಜ್ವರ ಬಂದಾವು” ಅಂದರೆ ಪಗಾರದಲ್ಲಿ ಹಿಡಿಯುತ್ತಾರೆ. ಅವಳ ಮೊಬೈಲಿನಲ್ಲಿ ನೆಟ್‌ಫ್ಲಿಕ್ಸ್ ಇರುವುದಿಲ್ಲ, ಇದ್ದರೂ ನೋಡಲು ಪುರಸೊತ್ತಿಲ್ಲ.

ಅಲೆಕ್ಸ್ ಕೈಲಿರುವ ಡಾಲರ್ ಲೆಕ್ಕ ಪರದೆಯ ಮೂಲೆಯಲ್ಲಿ ಇಳಿಯುತ್ತಾ ಹೋಗುವುದು ಚೆನ್ನಾಗಿದೆ, ಒಪ್ಪೋಣ. ಆದರೆ ಅವಳಿಗೆ ಕಾರು ಓಡಿಸಲು ಬರುತ್ತೆ, ಚಂದ ಬರೆಯಲು ಬರುತ್ತೆ. ಮನೆ ಸ್ವಚ್ಛ ಮಾಡಿಸಿಕೊಂಡು ಮೊದಲು ಕೂಲಿ ತಪ್ಪಿಸಿದ ಶ್ರೀಮಂತೆ ರೆಜಿನಾಳೇ ಮುಂದೆ ವಕೀಲರನ್ನು ಕೊಡಿಸುತ್ತಾಳೆ. ಕೊನೆಗೆ ಅಲೆಕ್ಸ್ ಕಾಲೇಜಿಗೆಂದು ಬೇರೆ ಊರಿಗೇ ಹೊರಡುತ್ತಾಳೆ. ಛಲ ಇದ್ದರೆ ಸಾಕು ಅನ್ನೋ ಈ ಕತೆ ನೋಡುವವರಿಗೆ ಹಿತ. ಛಲ ಇದ್ದೂ ಸೋತವರ ಕತೆ ಯಾರಿಗೆ ಬೇಕು?

2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಹಾವೇರಿಯಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯಬಹುದು. ಇಳಿದ ಮೇಲೆ? ದೌರ್ಜನ್ಯಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ ಐದು ದಿನದ ಆಸರೆ. ಬಾಡಿಗೆ ಮನೆ ಕೇಳಿದರೆ “ಮನಿಯವರು ಏನ್ ಮಾಡ್ತಾರ?” ಅನ್ನುವ ಪ್ರಶ್ನೆ ಮೊದಲು. ಇತ್ತ ಸಂಘದ ಸಾಲದ ಕಂತು ಅವಳ ಹೆಸರಲ್ಲೇ ಓಡುತ್ತಿರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುವುದು ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಇರುವವಳಿಗೆ. ಕೂಡುಕುಟುಂಬದಲ್ಲಿ ಆ ಜಾಗ ಅತ್ತೆಯದು. ಸೊಸೆ ಬೇರೆ ಕಾರ್ಡು ಮಾಡಿಸಬೇಕೆಂದರೆ ಮೊದಲು ಹಳೇ ಕಾರ್ಡಿನಿಂದ ಹೆಸರು ತೆಗೆಸಬೇಕು. ಆ ಕಾರ್ಡು ಇರುವುದು ಅವಳು ಬಿಟ್ಟು ಬಂದ ಮನೆಯಲ್ಲಿ.