ಅಟ್ಟದ ಮೇಲಿನ ಕೊಳಗ

ಮಳೆಗಾಲಕ್ಕೆ ಮೊದಲು ಊರಿನ ಮನೆಯ ಹೆಂಚು ಕೈಯಾಡಿಸಲು ಹೋದಾಗ ಅಟ್ಟದಿಂದ ಭತ್ತ ಅಳೆಯುವ ಒಂದು ಹಳೆಯ ಕೊಳಗ ಕೆಳಗಿಳಿಯಿತು. ಬಾಯಿಗೆ ಬಿಗಿದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ. ತಳದ ಸಂದಿಯಲ್ಲಿ ನಾಲ್ಕು ಕಾಳು ಜೊಳ್ಳು ಭತ್ತ ಇನ್ನೂ ಸಿಕ್ಕಿಕೊಂಡಿದೆ. ತಮ್ಮನ ಹೆಂಡತಿ, "ಚೆನ್ನಾಗಿದೆ ಭಾವ, ಬೆಂಗಳೂರಿಗೆ ಒಯ್ದು ಹೂವಿನ ಗಿಡ ಇಡುತ್ತೇನೆ" ಎಂದಳು. ಅಮ್ಮ ತುಟಿ ಬಿಚ್ಚದೆ ಅದನ್ನೆತ್ತಿಕೊಂಡು ಹೋಗಿ ದೇವರ ಕೋಣೆಯಲ್ಲಿಟ್ಟಳು.

ನಮ್ಮದು ಸಾಗರದ ಕಡೆಯ, ಒಡೆಯರ ಗದ್ದೆ ಉಳುತ್ತಿದ್ದ ಗೇಣಿ ಮನೆತನ. ನಮ್ಮ ಮನೆಯ ಕೊಳಗ ಇದು. ಒಡೆಯರಿಗೆ ಗೇಣಿ ಭತ್ತ ಅಳೆಯುವಾಗ ಮಾತ್ರ ಅವರದೇ ಕೊಳಗ, ಅದರ ಹೊಟ್ಟೆ ಇದಕ್ಕಿಂತ ದೊಡ್ಡದು. ಗೇಣಿದಾರರು ಒಡೆಯರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹದ ಬುಡದಲ್ಲಿ ಇದ್ದದ್ದು ಈ ಅಳತೆಯ ಜಗಳವೇ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು, ಸಮಾಜವಾದಿಗಳಾದ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. ನೇಗಿಲು ಹಿಡಿದು ಗದ್ದೆಗಿಳಿದು ಜೈಲು ಸೇರಿದವರಲ್ಲಿ ನಮ್ಮ ಅಜ್ಜನ ಅಣ್ಣನೂ ಒಬ್ಬ. ಅಜ್ಜ ಹೋಗಲಿಲ್ಲ. ಪೊಲೀಸರೆಂದರೆ ಅವನಿಗೆ ಚಳಿಜ್ವರ. ಅದನ್ನು ಅವನೇ ನಗುತ್ತಾ ಹೇಳುತ್ತಿದ್ದ.

ದೊಡ್ಡಜ್ಜನ ಜೈಲಿನ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ದೊಡ್ಡಜ್ಜಿಯದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಅವಳು ಹಲಸಿನ ಬೀಜ ಬಿಡಿಸುತ್ತಾ ಕುಳಿತಿದ್ದಾಗ. ಆ ವರ್ಷದ ಮಳೆಗಾಲ ಇಬ್ಬರು ಮಕ್ಕಳೊಂದಿಗೆ ಇದನ್ನೇ ಸುಟ್ಟು ತಿಂದು ಕಳೆದೆ ಎಂದಳು. ಅಂಗಡಿಯವನು ಉಪ್ಪನ್ನೂ ಕಡ ಕೊಡಲಿಲ್ಲವಂತೆ. "ನಿಮ್ಮ ದೊಡ್ಡಜ್ಜನಿಗೆ ಜೈಲಿನಲ್ಲಿ ಎರಡು ಹೊತ್ತು ಊಟವಾದರೂ ಇತ್ತು ಮಾರಾಯ" ಎಂದು ಬೀಜದ ಸಿಪ್ಪೆ ಕೊಡವಿ ಎದ್ದು ಹೋದಳು.

ಉಳುವವನಿಗೇ ಭೂಮಿ ಎಂದ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅಜ್ಜ ಉಳುವ ಗದ್ದೆ ತನ್ನದಾಗಲಿ ಎಂದು ಡಿಕ್ಲರೇಷನ್ ಅರ್ಜಿ ಹಾಕಿದ, ಪಹಣಿಯಲ್ಲಿ ಅವನ ಹೆಸರು ಬಂತು. ಗೋಪಾಲಗೌಡರು ಅದನ್ನು ನೋಡಲಿಲ್ಲ. 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಅಷ್ಟರಲ್ಲಿ ದೊಡ್ಡಜ್ಜನೂ ಹೋಗಿದ್ದ. ಜೈಲಿಗೆ ಹೆದರಿದವನ ಹೆಸರಿಗೆ ಗದ್ದೆಯಾಯಿತು. ಆ ಗದ್ದೆಯಿಂದ ನಾನು ಓದಿದೆ, ನನ್ನ ಮಗಳು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಹಿಡಿದಳು.

ಆ ಮಗಳೇ ಈಗ ಕೆಲಸ ಬಿಟ್ಟು ಊರಿಗೆ ಬಂದು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. ವೇದಿಕೆ ಸಿಕ್ಕಲ್ಲೆಲ್ಲ "ನಮ್ಮದು ಕಾಗೋಡು ಚಳವಳಿಯ ಮನೆ" ಎಂದು ಎದೆಯುಬ್ಬಿಸುವ ನಾನು, "ಊರ ಉಸಾಬರಿ ನಿನಗೇಕೆ?" ಎಂದು ರೇಗಿದೆ. ಬಾಯಿಂದ ಬಂದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಮಾತನ್ನು ಹಿಂದೆ ತೆಗೆದುಕೊಂಡಿಲ್ಲ, ಸುಳ್ಳು ಹೇಳುವುದಿಲ್ಲ. ಆದರ್ಶಕ್ಕೆ ಕೈ ಮುಗಿಯಲು ನಾನು ಯಾವತ್ತೂ ಸಿದ್ಧ. ನನ್ನ ಮನೆಯ ಹುಡುಗಿ ಉಪ್ಪಿಗೆ ಕಡ ಕೇಳುವುದನ್ನು ನೋಡಲಾರೆ.

ಅಮ್ಮನಾದರೂ ಒಂದು ತೀರ್ಪು ಕೊಡಲಿ ಎಂದು ಕೇಳಿದೆ. ಕೊಳಗಕ್ಕೆ ಕುಂಕುಮವಿಟ್ಟು ಈಚೆ ಬಂದವಳು, "ನಿಲ್ಲಲಿ, ಬೇಡ ಎಂದವರು ಯಾರು? ಮದುವೆಯೊಂದು ಮುಗಿಸಿಕೊಂಡು ನಿಲ್ಲಲಿ" ಎಂದಳು.